ಸಾಗರಶೋಧನ ನೌಕೆಯ ಸಾಮಾಯಿಕ ಉಪಕರಣಗಳು: ವೆಚ್ಚದ ಮತ್ತು ಪಾಳಿಯ ವಿಚಾರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ವಿದ್ಯಾರ್ಥಿಗೆ ಸಮುದ್ರವೆಂದರೆ ಘಟ್ಟವಿಳಿದು ಹೋಗಿ ನೋಡಿಬರಬೇಕಾದ ವಸ್ತು. ಅಂಥ ಸೀಮೆಯ ಕಾಲೇಜುಗಳಿಗೂ ತಲುಪುವ ಈ ವಾರ್ಷಿಕ ಸಂಚಿಕೆಯಲ್ಲಿ, ಅದರಲ್ಲಿಯೂ ಇತಿಹಾಸದ ಅಧ್ಯಾಪಕರ ಲೇಖನಿಯಿಂದ, ಸಾಗರಶೋಧನ ನೌಕೆಯ ಉಪಕರಣಗಳ ವೆಚ್ಚವನ್ನು ಕುರಿತ ಬರೆಹವೊಂದು ಬಂದುದನ್ನು ಕಂಡು ವಾಚಕರು ಅಚ್ಚರಿಪಡಬಹುದು. ಆದರೆ ವಿಷಯವು ತೋರುವಷ್ಟು ದೂರದ್ದಲ್ಲ. ಕೃಷ್ಣೆ ಮಹಾಬಳೇಶ್ವರದ ಬಳಿಯಿಂದಲೂ ಘಟಪ್ರಭೆ ಸಹ್ಯಾದ್ರಿಯ ನೆತ್ತಿಯಿಂದಲೂ ಹೊತ್ತು ತರುವ ನೀರು ಅರಬ್ಬೀ ಸಮುದ್ರದ ಮೇಲಿನಿಂದ ಬೀಸಿ ಬರುವ ನೈಋತ್ಯ ಮಾರುತದ ಕೊಡುಗೆ. ನಮ್ಮ ಸೀಮೆ ಮಳೆಯ ನೆರಳಿನಲ್ಲಿರುವುದರಿಂದ, ನಮ್ಮ ಹೊಲದ ಮೇಲೆ ಬಿದ್ದ ಮಳೆಗಿಂತ ದೂರದ ಘಟ್ಟದ ಮೇಲೆ ಬಿದ್ದ ಮಳೆಯೇ ನಮ್ಮ ಕಬ್ಬನ್ನು ಬೆಳೆಸುತ್ತದೆ. 2019ರ ಆಗಸ್ಟಿನಲ್ಲಿ ನಮ್ಮ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿಸಿದುದೂ ಘಟ್ಟದ ಆ ಮಳೆಯೇ. ಮಾರುತದ ನಡತೆಯನ್ನು ಅರಿಯಬೇಕಾದರೆ ಸಮುದ್ರದ ಮೇಲಣ ಮತ್ತು ಒಳಗಣ ಉಷ್ಣತೆಯನ್ನು ಅಳೆಯಬೇಕು. ಅಳೆಯಬೇಕಾದರೆ ಹಡಗು ಬೇಕು, ಹಡಗಿನ ಮೇಲೆ ಉಪಕರಣ ಬೇಕು. ಆ ಉಪಕರಣಕ್ಕೆ ಹಣ ಕೊಡುವವರು ಯಾರು, ಬಳಸುವ ಹಕ್ಕು ಯಾರದು, ಕೆಟ್ಟಾಗ ಸರಿಪಡಿಸುವ ಹೊಣೆ ಯಾರದು ಎಂಬ ಪ್ರಶ್ನೆಗಳನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆಗಳು ನಮ್ಮ ಒಕ್ಕಲುತನಕ್ಕೆ ಹೊಸವಲ್ಲ. ಈ ಭಾಗದಲ್ಲಿ 'ಸಾಮಾಯಿಕ ಬಾವಿ' ಎಂಬ ಮಾತು ಎಲ್ಲರಿಗೂ ಪರಿಚಿತವಾದುದು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲವನ್ನು ಬದುಹಾಕಿ ಹಂಚಿಕೊಳ್ಳಬಹುದು, ಬಾವಿಯನ್ನು ಹಂಚಿಕೊಳ್ಳಲಾಗದು. ಆದುದರಿಂದ ನೀರಿಗೆ ಪಾಳಿ ಇಟ್ಟುಕೊಳ್ಳುತ್ತಾರೆ. ಇಂಥ ಬಾವಿಯ ವೆಚ್ಚದಲ್ಲಿ ಮೂರು ಬಗೆಗಳುಂಟು: ತೋಡಿಸಿದ ವೆಚ್ಚ, ಹೂಳು ತೆಗೆಸುವ ಮತ್ತು ಪಂಪನ್ನು ದುರಸ್ತಿ ಮಾಡಿಸುವ ವೆಚ್ಚ, ಮತ್ತು ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು, ಪಾಳಿಯನ್ನು ನ್ಯಾಯವಾಗಿ ನಡೆಸುವವನ ದುಡಿಮೆ. ತಂಟೆ ಹುಟ್ಟುವುದು ಸಾಮಾನ್ಯವಾಗಿ ಮೊದಲನೆಯದರಲ್ಲಿ ಅಲ್ಲ, ಉಳಿದೆರಡರಲ್ಲಿ. ಹಿಂದೂ ಮಹಾಸಾಗರದ ಶೋಧನೆಯ ಚರಿತ್ರೆಯನ್ನು ಓದಿದಷ್ಟೂ ಅಲ್ಲಿಯೂ ಇದೇ ನಡೆದುದು ನಮಗೆ ಕಂಡುಬಂದಿದೆ.

ಮೊದಲು ಉಪಕರಣಗಳ ಸ್ವರೂಪವನ್ನು ತಿಳಿಯುವುದು ಅಗತ್ಯ. ಕೆಲವು ಉಪಕರಣಗಳು ಹಡಗಿನ ಅಂಗಗಳೇ ಆಗಿರುತ್ತವೆ: ಪ್ರತಿಧ್ವನಿಯಿಂದ ಆಳವನ್ನು ಅಳೆಯುವ ಯಂತ್ರ, ಹಲವು ಸಾವಿರ ಮೀಟರುಗಳಷ್ಟು ಉಕ್ಕಿನ ತಂತಿಯನ್ನು ಬಿಡುವ ಮತ್ತು ಸುತ್ತುವ ದೊಡ್ಡ ರಾಟೆ. ಇನ್ನು ಕೆಲವನ್ನು ವಿಜ್ಞಾನಿ ತನ್ನ ಪೆಟ್ಟಿಗೆಯಲ್ಲಿ ಒಯ್ದು ತನ್ನ ಪೆಟ್ಟಿಗೆಯಲ್ಲಿಯೇ ಮರಳಿ ತರುತ್ತಾನೆ. ನಡುವೆ ಇರುವವೇ ಸಾಮಾಯಿಕ ಉಪಕರಣಗಳು. ಇವುಗಳಲ್ಲಿ ಮುಖ್ಯವಾದುದು ವಿಜ್ಞಾನಿಗಳು 'ಸಿ.ಟಿ.ಡಿ.' ಎಂದು ಕರೆಯುವ ಯಂತ್ರ. ಅದನ್ನು ತಂತಿಗೆ ಕಟ್ಟಿ ಇಳಿಬಿಟ್ಟರೆ ನೀರಿನ ವಿದ್ಯುದ್ವಾಹಕತೆ, ಉಷ್ಣತೆ, ಆಳ ಇವು ಇಳಿಯುತ್ತ ಇಳಿಯುತ್ತಲೇ ದಾಖಲಾಗುತ್ತವೆ. ವಾಹಕತೆಯಿಂದ ಲವಣತೆಯನ್ನು ಗಣಿಸುತ್ತಾರೆ. ಅದರ ಸುತ್ತ ವರ್ತುಲವಾಗಿ ಜೋಡಿಸಿದ ಕೊಳವೆಗಳು ಮೇಲಿನಿಂದ ಕೊಟ್ಟ ಸಂಜ್ಞೆಯಂತೆ ಬೇಕಾದ ಆಳದಲ್ಲಿ ಬಾಯಿ ಮುಚ್ಚಿ ಅಲ್ಲಿಯ ನೀರನ್ನು ಹಿಡಿದು ತರುತ್ತವೆ. ಮಾರುತವನ್ನು ಅಭ್ಯಸಿಸುವವನಿಗೂ ಮೀನನ್ನು ಅಭ್ಯಸಿಸುವವನಿಗೂ ಸಮುದ್ರತಳದ ಖನಿಜವನ್ನು ಅರಸುವವನಿಗೂ ಇದು ಬೇಕು. ಎಲ್ಲರಿಗೂ ಬೇಕಾದುದರಿಂದಲೇ ಯಾರೊಬ್ಬರೂ ತಮ್ಮ ಲೆಕ್ಕದಲ್ಲಿ ಕೊಳ್ಳಲು ಮುಂದಾಗುವುದಿಲ್ಲ. ಕೊಂಡ ಮೇಲೆಯೂ ಅದನ್ನು ಆಗಾಗ ಒರೆಹಚ್ಚಿ ನೋಡಬೇಕು. ಅಂಗಡಿಯ ತಕ್ಕಡಿಗೆ ವರ್ಷ ವರ್ಷವೂ ಸರಕಾರದ ಮುದ್ರೆ ಬೀಳದಿದ್ದರೆ ತೂಕವನ್ನು ನಂಬುವಂತಿಲ್ಲವಷ್ಟೆ, ಇದೂ ಹಾಗೆಯೇ.

ಒರೆಗಲ್ಲಿನ ಪ್ರಶ್ನೆಯನ್ನು ಯೂರೋಪಿನ ವಿದ್ವಾಂಸರು ಹಡಗಿನ ಪ್ರಶ್ನೆಗಿಂತ ಮೊದಲೇ ಬಗೆಹರಿಸಿಕೊಂಡರೆಂಬುದು ಗಮನಾರ್ಹ. 1902ರಲ್ಲಿ ಉತ್ತರ ಯೂರೋಪಿನ ರಾಷ್ಟ್ರಗಳು ಕೂಡಿ ಸಮುದ್ರಶೋಧನೆಗಾಗಿ ಒಂದು ಅಂತರರಾಷ್ಟ್ರೀಯ ಮಂಡಲಿಯನ್ನು ಕಟ್ಟಿದವು. ಸುಮಾರು ಆ ಕಾಲದಲ್ಲಿಯೇ ಡೆನ್ಮಾರ್ಕಿನ ಮಾರ್ಟಿನ್ ಕ್ನುಡ್ಸೆನ್ ಲವಣತೆಯನ್ನು ಖಚಿತವಾಗಿ ಅಳೆದ ಸಮುದ್ರಜಲವನ್ನು ಗಾಜಿನ ನಳಿಗೆಗಳಲ್ಲಿ ತುಂಬಿ, ಬಾಯಿ ಬೆಸೆದು, ಎಲ್ಲ ದೇಶಗಳಿಗೂ ಒದಗಿಸುವ ಏರ್ಪಾಡನ್ನು ರೂಪಿಸಿದನು. ಕೊಪೆನ್‌ಹೇಗನ್ನಿನ ಈ 'ಪ್ರಮಾಣಜಲ'ಕ್ಕೆ ತಾಳೆ ನೋಡಿದ ಅಳತೆಗಳಾದುದರಿಂದ ಬೇರೆ ಬೇರೆ ಸಮುದ್ರಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ತೆಗೆದ ಲವಣತೆಯ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೋಲಿಸುವುದು ಸಾಧ್ಯವಾಯಿತು. 1970ರ ದಶಕದಲ್ಲಿ ಈ ಕಾರ್ಯವು ಇಂಗ್ಲೆಂಡಿಗೆ ವರ್ಗವಾಯಿತು. ಏರ್ಪಾಡು ಮಾತ್ರ ನಿಲ್ಲಲಿಲ್ಲ. ಒಂದು ಗಾಜಿನ ನಳಿಗೆಯನ್ನು ವೈಜ್ಞಾನಿಕ ಉಪಕರಣವೆಂದು ಕರೆಯಲು ಕೆಲವರು ಹಿಂಜರಿಯಬಹುದು. ನಮ್ಮ ಅಭಿಪ್ರಾಯದಲ್ಲಿ ಸಾಮಾಯಿಕ ಉಪಕರಣಗಳಲ್ಲಿ ಅದೇ ಮೊದಲನೆಯದು.

ಹಡಗಿನ ವೆಚ್ಚವಾದರೋ ಬಹುಕಾಲ ದಾನಿಗಳ ಔದಾರ್ಯವನ್ನೂ ಸರಕಾರಗಳ ಮರ್ಜಿಯನ್ನೂ ಅವಲಂಬಿಸಿತ್ತು. 1928ರಿಂದ 1930ರವರೆಗೆ ಜಗತ್ತನ್ನು ಸುತ್ತಿದ ಡೆನ್ಮಾರ್ಕಿನ 'ಡಾನಾ' ನೌಕೆಗೆ ಬೀರು ತಯಾರಿಸುವ ಕಾರ್ಲ್ಸ್‌ಬರ್ಗ್ ಸಂಸ್ಥೆಯ ಪ್ರತಿಷ್ಠಾನ ಹಣ ಕೊಟ್ಟಿತು. ಅದರ ಕುರುಹಾಗಿ ನಮ್ಮ ಅರಬ್ಬೀ ಸಮುದ್ರದ ತಳದಲ್ಲಿರುವ ಒಂದು ಪರ್ವತಶ್ರೇಣಿಗೆ ಕಾರ್ಲ್ಸ್‌ಬರ್ಗ್ ಎಂಬ ಹೆಸರು ಉಳಿದಿದೆ. 1933-34ರ ಜಾನ್ ಮರ್ರೆ ಶೋಧಯಾತ್ರೆ ಇನ್ನೂ ಸ್ವಾರಸ್ಯಕರ. ಕ್ರಿಸ್ಮಸ್ ದ್ವೀಪದ ಫಾಸ್ಫೇಟ್ ಗಣಿಯಿಂದ ಧನವಂತರಾದ ಸರ್ ಜಾನ್ ಮರ್ರೆಯವರು ಮರಣಶಾಸನದ ಮೂಲಕ ಬಿಟ್ಟುಹೋದ ಹಣ, ಈಜಿಪ್ಟ್ ಸರಕಾರ ಎರವಲು ಕೊಟ್ಟ 'ಮಬಾಹಿಸ್' ಎಂಬ ಹಡಗು, ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸೀಮೋರ್ ಸೆವೆಲ್ ಅವರ ಮುಂದಾಳುತನ, ಇವು ಕೂಡಿ ಅರಬ್ಬೀ ಸಮುದ್ರದ ಮೊದಲ ವ್ಯವಸ್ಥಿತ ಅನ್ವೇಷಣೆಗಳಲ್ಲೊಂದು ನಡೆಯಿತು. ಆದರೆ ಮರಣಶಾಸನದ ಹಣಕ್ಕೆ ಮಿತಿಯುಂಟು. ಯಾತ್ರೆ ಮುಗಿಯಿತು, ಹಡಗು ಒಡೆಯನ ಬಳಿಗೆ ಮರಳಿತು. ಅರಬ್ಬೀ ಸಮುದ್ರವನ್ನು ವರ್ಷ ವರ್ಷವೂ ಅಳೆಯುವವರು ಉಳಿಯಲಿಲ್ಲ.

ಹಲವು ರಾಷ್ಟ್ರಗಳು ಕೂಡಿ ಹಿಂದೂ ಮಹಾಸಾಗರವನ್ನು ಸಾಮಾಯಿಕವಾಗಿ ಶೋಧಿಸಿದುದು 1959ರಿಂದ 1965ರವರೆಗಿನ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ. ವಿಜ್ಞಾನಿಗಳ ಒಂದು ಸಮಿತಿಯಿಂದ ಹೊರಟ ಈ ಯೋಜನೆಯ ಸಂಯೋಜನೆಯನ್ನು ಮುಂದೆ ಯುನೆಸ್ಕೋದ ಅಂತರಸರಕಾರಿ ಸಾಗರವಿಜ್ಞಾನ ಆಯೋಗ ವಹಿಸಿಕೊಂಡಿತು. ಹತ್ತಕ್ಕೂ ಮಿಕ್ಕ ರಾಷ್ಟ್ರಗಳ ಸುಮಾರು ನಲವತ್ತು ಹಡಗುಗಳು ಭಾಗವಹಿಸಿದವು. ಭಾರತದಲ್ಲಿ ಇದಕ್ಕಾಗಿ 1960ರಲ್ಲಿ ಭೂವಿಜ್ಞಾನಿ ಡಿ. ಎನ್. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಸಮಿತಿಯೊಂದು ರಚಿತವಾಯಿತು. ಕಾರ್ಯಕ್ರಮದ ನಿರ್ದೇಶನವನ್ನು ಎನ್. ಕೆ. ಪಣಿಕ್ಕರ್ ಅವರು ವಹಿಸಿದರು. ಆದರೆ ಆಳಸಮುದ್ರದ ಶೋಧನೆಗೆಂದೇ ಕಟ್ಟಿದ ಹಡಗು ಭಾರತದಲ್ಲಿ ಇರಲಿಲ್ಲ. ನೌಕಾಸೇನೆ ತನ್ನ ಯುದ್ಧನೌಕೆಗಳಲ್ಲೊಂದನ್ನು ಒದಗಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಸೇವೆಗೆ ಸೇರಿದ ಆ ಹಡಗಿನ ಹೆಸರು 'ಕಿಸ್ತ್ನಾ', ಇಂಗ್ಲಿಷರ ಹಳೆಯ ಕಾಗುಣಿತದಲ್ಲಿ ನಮ್ಮ ಕೃಷ್ಣೆಯೇ. ಆ ಮಾಲಿಕೆಯಲ್ಲಿ ಕಾವೇರಿ, ಗೋದಾವರಿ, ನರ್ಮದೆಯರ ಹೆಸರಿನ ಹಡಗುಗಳೂ ಇದ್ದವು. ಜಮಖಂಡಿಯ ಪಕ್ಕದಲ್ಲಿ ಹರಿಯುವ ಹೊಳೆಯ ಹೆಸರನ್ನು ಹೊತ್ತ ನೌಕೆಯೇ 1962ರಿಂದ 1965ರವರೆಗೆ ಅರಬ್ಬೀ ಸಮುದ್ರದಲ್ಲಿಯೂ ಬಂಗಾಳ ಕೊಲ್ಲಿಯಲ್ಲಿಯೂ ನೀರಿನ ಉಷ್ಣತೆಯನ್ನು ಅಳೆದು ಬಂದಿತೆಂಬುದು ನಮ್ಮ ವಿದ್ಯಾರ್ಥಿಗಳು ನೆನಪಿಡತಕ್ಕ ಮಾತು.

ಇಲ್ಲಿ ವೆಚ್ಚದ ಹಂಚಿಕೆ ಹೇಗಾಯಿತೆಂಬುದನ್ನು ಬಿಡಿಸಿ ನೋಡೋಣ. ಪ್ರತಿಯೊಂದು ರಾಷ್ಟ್ರವೂ ತನ್ನ ಹಡಗಿನ ಎಣ್ಣೆ, ನಾವಿಕರು, ಊಟೋಪಚಾರಗಳ ವೆಚ್ಚವನ್ನು ತಾನೇ ಹೊತ್ತಿತು. ಎಲ್ಲರಿಗೂ ಸೇರಿದ್ದಕ್ಕೆ ಬೇರೆ ಬೊಕ್ಕಸಗಳನ್ನು ಹುಡುಕಬೇಕಾಯಿತು. ಮುಂಬಯಿಯ ಕೊಲಾಬಾದಲ್ಲಿ 1963ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಹವಾಮಾನ ಕೇಂದ್ರಕ್ಕೆ ವಿಶ್ವಸಂಸ್ಥೆಯ ವಿಶೇಷ ನಿಧಿ, ಅಮೆರಿಕಾ ಮತ್ತು ಭಾರತ ಸರಕಾರ ಇವು ಮೂರೂ ಪಾಲು ಕೊಟ್ಟವು, ಅಲ್ಲಿಗೆ ಐ.ಬಿ.ಎಂ. 1620 ಎಂಬ ಗಣಕಯಂತ್ರ ಬಂದಿತು. ಕೊಚ್ಚಿಯಲ್ಲಿ 1962ರಲ್ಲಿ ಯುನೆಸ್ಕೋದ ನೆರವಿನಿಂದ ಹಿಂದೂ ಮಹಾಸಾಗರ ಜೈವಿಕ ಕೇಂದ್ರವು ಪ್ರಾರಂಭವಾಯಿತು. ಅಮೆರಿಕಾ ತನ್ನ ಅಧ್ಯಕ್ಷರ ವಿಹಾರನೌಕೆಯಾಗಿದ್ದ 'ವಿಲಿಯಮ್ಸ್‌ಬರ್ಗ್' ಅನ್ನು ಮಾರ್ಪಡಿಸಿ 'ಆಂಟನ್ ಬ್ರೂನ್' ಎಂಬ ಹೊಸ ಹೆಸರಿಟ್ಟು ಕಳುಹಿಸಿತು. ಭಾರತದ ವಿಜ್ಞಾನಿಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ರಾಜಭೋಗದ ಹಡಗು ಮೀನಿನ ಮೊಟ್ಟೆ ಎಣಿಸುವ ಕೆಲಸಕ್ಕೆ ಬಂದುದು ಚರಿತ್ರೆಯ ವಿನೋದಗಳಲ್ಲೊಂದು.

ಆದರೆ ಇವೆಲ್ಲಕ್ಕಿಂತ ಅಗ್ಗದ ಉಪಕರಣವೇ ಹೆಚ್ಚು ಕಾಲ ಫಲ ಕೊಟ್ಟಿತೆಂದು ನಾವು ತಿಳಿಯುತ್ತೇವೆ. ಅದು ಒಂದು ಬಲೆ. ಸಮುದ್ರದಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳನ್ನು ಹಿಡಿಯಲು ಒಬ್ಬೊಬ್ಬರು ಒಂದೊಂದು ಅಳತೆಯ ಬಲೆಯನ್ನು ಬಳಸಿದರೆ ಒಬ್ಬರ ಎಣಿಕೆಯನ್ನು ಇನ್ನೊಬ್ಬರ ಎಣಿಕೆಯೊಡನೆ ಹೋಲಿಸುವಂತಿಲ್ಲ. ಆದುದರಿಂದ ಬಾಯಿಯ ವಿಸ್ತಾರ ಒಂದು ಚದರ ಮೀಟರು, ಕಣ್ಣಿನ ಅಗಲ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಇರುವ 'ಹಿಂದೂ ಮಹಾಸಾಗರದ ಪ್ರಮಾಣ ಬಲೆ'ಯನ್ನು ಗೊತ್ತುಪಡಿಸಿ, ಅದನ್ನು 200 ಮೀಟರು ಆಳದಿಂದ ಮೇಲಕ್ಕೆ ನೇರವಾಗಿ ಎಳೆಯಬೇಕೆಂದು ಗೊತ್ತುಮಾಡಲಾಯಿತು. ಹೀಗೆ ಬೇರೆ ಬೇರೆ ಧ್ವಜಗಳ ಹಡಗುಗಳು ಹಿಡಿದ ಸುಮಾರು ಎರಡು ಸಾವಿರ ಮಾದರಿಗಳು ಕೊಚ್ಚಿಯ ಕೇಂದ್ರಕ್ಕೆ ಬಂದು ಸೇರಿದವು. ಅಲ್ಲಿ ಅವನ್ನು ಜಾತಿವಾರಾಗಿ ಬೇರ್ಪಡಿಸುವ ಕೆಲಸ ಯಾತ್ರೆ ಮುಗಿದ ಮೇಲೆಯೂ ಹಲವು ವರ್ಷ ನಡೆಯಿತು. ಹಡಗಿನ ದಿನಗಳಿಗೆ ಹಣ ಒದಗಿಸುವುದಕ್ಕಿಂತ, ಸೂಕ್ಷ್ಮದರ್ಶಕದ ಮುಂದೆ ಕುಳಿತು ಎಣಿಸುವವರಿಗೆ ವರ್ಷ ವರ್ಷವೂ ಸಂಬಳ ಒದಗಿಸುವುದೇ ಇಂಥ ಕಾರ್ಯದಲ್ಲಿ ಕಷ್ಟ. ಭಾರತವು ಆ ಕೇಂದ್ರವನ್ನು ಮುಚ್ಚಲಿಲ್ಲ; 1966ರ ಜನವರಿ 1ರಂದು ಸ್ಥಾಪಿತವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಅಂಗವಾಗಿ ಅದು ಮುಂದುವರಿಯಿತು. ಕೊಲಾಬಾದ ಗಣಕಯಂತ್ರವಾದರೋ ಕೆಲವೇ ವರ್ಷಗಳಲ್ಲಿ ಹಳತಾಯಿತು.

ಹಡಗುಗಳು ಹಲವಿದ್ದರೂ ಎಲ್ಲರ ಅಳತೆಗಳೂ ಸಮನಾಗಿರಲಿಲ್ಲ ಎಂಬುದನ್ನೂ ಹೇಳದಿರಲಾಗದು. 1971ರಲ್ಲಿ ಪ್ರಕಟವಾದ ಶೋಧಯಾತ್ರೆಯ ಸಾಗರ ಭೂಪಟಸಂಪುಟವನ್ನು ಸಿದ್ಧಪಡಿಸಿದ ಕ್ಲೌಸ್ ವಿರ್ಟ್ಕಿ ಅವರು ನಂಬಲಾಗದ ಅಂಕಿಗಳನ್ನು ಜರಡಿ ಹಿಡಿದು ತೆಗೆಯಬೇಕಾಯಿತು. ಹೀಗೆ ಬಿಟ್ಟುಹೋದ ಪ್ರತಿಯೊಂದು ಅಂಕಿಗೂ ಯಾವುದೋ ದೇಶದ ಬೊಕ್ಕಸ ಎಣ್ಣೆ ಸುಟ್ಟಿತ್ತು.

ಭಾರತದ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಹೂಳು ಸಾಗಿಸುವ ಹಡಗಾಗಿ ರೂಪುಗೊಂಡಿದ್ದುದನ್ನು ಕಲಕತ್ತೆಯ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ಮಾರ್ಪಡಿಸಿ 1976ರಲ್ಲಿ 'ಗವೇಷಣಿ' ಎಂಬ ನೌಕೆಯನ್ನು ಗೋವೆಯ ಸಾಗರವಿಜ್ಞಾನ ಸಂಸ್ಥೆ ಪಡೆಯಿತು. 1981ರ ಜನವರಿ 26ರಂದು ಅದೇ ಹಡಗು ಅರಬ್ಬೀ ಸಮುದ್ರದ ತಳದಿಂದ ಲೋಹಯುಕ್ತ ಗಂಟುಗಳನ್ನು ಮೇಲೆ ತಂದಿತು. ಮಾರುತಕ್ಕಾಗಿ ಬಿಚ್ಚದ ಹಣದ ಚೀಲ ಮ್ಯಾಂಗನೀಸಿಗಾಗಿ ಬಿಚ್ಚಿತು ಎಂದರೆ ಕಟುವಾಗಿ ಕೇಳಿಸಬಹುದು. ಆದರೆ ಅದೇ ವರ್ಷ ಕೇಂದ್ರದಲ್ಲಿ ಸಾಗರಾಭಿವೃದ್ಧಿ ಇಲಾಖೆ ಹುಟ್ಟಿತು, 1983ರಲ್ಲಿ ಜರ್ಮನಿಯಲ್ಲಿ ಕಟ್ಟಿದ ನೂರು ಮೀಟರು ಉದ್ದದ 'ಸಾಗರ ಕನ್ಯಾ' ಬಂದಿತು, ಮರುವರ್ಷ ಡೆನ್ಮಾರ್ಕಿನಿಂದ ಮೀನುಗಾರಿಕೆಯ ಶೋಧನೆಗೆ 'ಸಾಗರ ಸಂಪದಾ' ಬಂದಿತು. ಇಲ್ಲಿ ಒಂದು ಮುಖ್ಯ ಬದಲಾವಣೆಯನ್ನು ಗುರುತಿಸಬೇಕು. ಗವೇಷಣಿ ಒಂದು ಸಂಸ್ಥೆಯ ಹಡಗು. ಸಾಗರ ಕನ್ಯಾ ಇಲಾಖೆಯ ಹಡಗು, ಅದರ ದಿನಗಳನ್ನು ಹಲವು ಸಂಸ್ಥೆಗಳಿಗೆ ಹಂಚಲಾಗುತ್ತಿತ್ತು. ಬಾವಿ ಸಾಮಾಯಿಕವಾಯಿತು, ಪಾಳಿಯ ಪ್ರಶ್ನೆ ಎದ್ದಿತು.

ಪಾಳಿಯನ್ನು ಅನ್ಯದೇಶಗಳವರು ಹೇಗೆ ನಡೆಸುತ್ತಾರೆಂಬುದನ್ನು ನೋಡಿದರೆ ಎರಡು ಮಾದರಿಗಳು ಕಾಣುತ್ತವೆ. ಅಮೆರಿಕಾದಲ್ಲಿ ವಿಶ್ವವಿದ್ಯಾಲಯಗಳು ಹಡಗುಗಳನ್ನು ನಡೆಸುತ್ತವೆ. 1971ರಲ್ಲಿ ಅವೆಲ್ಲ ಕೂಡಿ ದಿನಗಳನ್ನು ಹೊಂದಿಸುವ ಒಂದು ಒಕ್ಕೂಟವನ್ನು ಕಟ್ಟಿಕೊಂಡವು. ಹಣದ ಬಹುಭಾಗ ಬರುವುದು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ. ಆ ಪ್ರತಿಷ್ಠಾನವು ಹಡಗು ನಡೆಸುವ ವೆಚ್ಚ, ಸಾಮಾಯಿಕ ಉಪಕರಣಗಳ ವೆಚ್ಚ, ಅವುಗಳನ್ನು ಸುಸ್ಥಿತಿಯಲ್ಲಿಟ್ಟು ಹಡಗಿನ ಮೇಲೆ ನಿಂತು ನಡೆಸುವ ತಂತ್ರಜ್ಞರ ವೆಚ್ಚ, ಇವನ್ನು ಬೇರೆ ಬೇರೆ ತಲೆಬರೆಹದ ಕೆಳಗೆ ಕೊಡುತ್ತದೆ. ಈ ಮೂರನೆಯ ತಲೆಬರೆಹವೇ ನಮಗೆ ಬಹು ಮುಖ್ಯವಾಗಿ ತೋರುತ್ತದೆ. ತಂತ್ರಜ್ಞನಿಗೆ ಬೇರೆ ಹಣವಿಲ್ಲದಿದ್ದರೆ ಉಪಕರಣವನ್ನು ಬಲ್ಲ ಸಂಸ್ಥೆಯವರೇ ಅದನ್ನು ಬಳಸುವರು. ಹೊಸದಾಗಿ ಬಂದವನಿಗೆ ಹಕ್ಕು ಕಾಗದದ ಮೇಲೆ ಮಾತ್ರ. ಯೂರೋಪಿನಲ್ಲಿ ಇಂಗ್ಲೆಂಡು, ಫ್ರಾನ್ಸು, ಜರ್ಮನಿಗಳು 1990ರ ದಶಕದಲ್ಲಿ ಆರಂಭಿಸಿದ ಪದ್ಧತಿ ಬೇರೆ. ಅಲ್ಲಿ ಹಣ ಕೈ ಬದಲಾಗುವುದಿಲ್ಲ: ನಿನ್ನ ಹಡಗಿನ ಇಷ್ಟು ದಿನಗಳಿಗೆ ನನ್ನ ಹಡಗಿನ ಇಷ್ಟು ದಿನ, ನಿನ್ನ ಯಂತ್ರಕ್ಕೆ ನನ್ನ ಯಂತ್ರ. ಹಿಂಗಾರಿಯ ಜೋಳದ ಹೊಲದಲ್ಲಿ ಮುಯ್ಯಾಳು ಕಂಡವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಮುಯ್ಯಿಗೆ ಒಂದು ಕಟ್ಟುಪಾಡುಂಟು. ಮುಯ್ಯಿ ತೀರಿಸಲು ತನ್ನದೆಂಬುದೊಂದು ಇರಬೇಕು. ಹಡಗಿಲ್ಲದವನು ಈ ವ್ಯವಹಾರದ ಹೊರಗೇ ಉಳಿಯುತ್ತಾನೆ.

ಹಾಗಾದರೆ ಏನೂ ಇಲ್ಲದವರು ಕೂಡಿ ಏನು ಮಾಡಬಲ್ಲರು ಎಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಉದಾಹರಣೆಯುಂಟು. ಜಮಖಂಡಿಯ ಬಳಿಯ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಕೃಷ್ಣಾ ತೀರ ರೈತ ಸಂಘದವರು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ವಂತಿಗೆ ಎತ್ತಿ ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. 'ಶ್ರಮಬಿಂದು ಸಾಗರ' ಎಂಬ ಅದರ ಹೆಸರಿನಲ್ಲಿಯೂ ಸಾಗರವಿರುವುದು ಕಾಕತಾಳೀಯ. ಕೋಟಿ ರೂಪಾಯಿಯ ಆಸುಪಾಸಿನ ವೆಚ್ಚವನ್ನು ರೈತರು ತಮ್ಮಲ್ಲಿಯೇ ಹೊಂದಿಸಿಕೊಂಡರು. ಇತಿಹಾಸದ ದೃಷ್ಟಿಯಿಂದ ಇದು ಅಲ್ಪ ಸಾಧನೆಯಲ್ಲ. 1948ರ ವರೆಗೆ ಈ ಸೀಮೆ ಒಂದೇ ಆಡಳಿತದಲ್ಲಿ ಇರಲಿಲ್ಲ: ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಇಷ್ಟು ಧ್ವಜಗಳ ಕೆಳಗೆ ಹರಿದ ಹೊಳೆಯ ದಂಡೆಯಲ್ಲಿ ನಾಲ್ಕು ದಶಕಗಳ ತರುವಾಯ ಸಾಮಾಯಿಕ ಬಂಧಾರ ಎದ್ದಿತು. ಆದರೆ ಹೋಲಿಕೆಯನ್ನು ಬಹುದೂರ ಎಳೆಯುವುದು ಸರಿಯಲ್ಲ. ಬಂಧಾರಕ್ಕೆ ಹಣ ಕೊಟ್ಟ ರೈತ ಬೇಸಗೆಯಲ್ಲಿ ತನ್ನ ಪಂಪಿನ ಬಾಯಲ್ಲಿ ಅದರ ಫಲವನ್ನು ಕಾಣುತ್ತಾನೆ. ಸಮುದ್ರದ ನಡುವೆ ಅಳೆದ ಉಷ್ಣತೆಯ ಫಲ ಹವಾಮಾನದ ಮುನ್ಸೂಚನೆಯಾಗಿ, ಯಾರದೆಂಬ ಗುರುತೂ ಇಲ್ಲದೆ ಎಲ್ಲರನ್ನೂ ಮುಟ್ಟುತ್ತದೆ. ಫಲ ಎಲ್ಲರದಾದಲ್ಲಿ ವಂತಿಗೆ ಕೇಳುವುದು ಯಾರನ್ನು? ಆದುದರಿಂದ ಸಾಗರೋಪಕರಣದ ಹೊಣೆ ಸರಕಾರದ ಮೇಲೆಯೇ ಬೀಳುತ್ತದೆ, ಬೀಳತಕ್ಕದ್ದು ಎಂದು ನಮ್ಮ ನಿಶ್ಚಿತ ಅಭಿಪ್ರಾಯ. ಬಂಧಾರದಿಂದ ಕಲಿಯಬೇಕಾದುದು ಬೇರೊಂದುಂಟು: ಬಳಸುವವರು ನಡೆಸುವವರ ಸಭೆಯಲ್ಲಿ ಕುಳಿತಿರುವುದು.

ಇಲ್ಲಿಯೇ ವಿಶ್ವವಿದ್ಯಾಲಯಗಳ ಹಿತ ಅಡಗಿದೆ. ಕರ್ನಾಟಕದಲ್ಲಿ ಸಮುದ್ರಜೀವಶಾಸ್ತ್ರವನ್ನು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕೇಂದ್ರದಲ್ಲಿಯೂ ಮೀನುಗಾರಿಕೆಯನ್ನು 1969ರಲ್ಲಿ ಆರಂಭವಾದ ಮಂಗಳೂರಿನ ಕಾಲೇಜಿನಲ್ಲಿಯೂ ಕಲಿಸುತ್ತಾರೆ. ದಂಡೆಯ ನೀರನ್ನು ದೋಣಿಯಲ್ಲಿ ಹೋಗಿ ಅಭ್ಯಸಿಸಬಹುದು. ಆಳಸಮುದ್ರಕ್ಕೆ ರಾಷ್ಟ್ರದ ಹಡಗಿನ ಪಾಳಿಯನ್ನೇ ಕಾಯಬೇಕು. ಒಳನಾಡಿನ ಕಾಲೇಜುಗಳ ಭೌತಶಾಸ್ತ್ರ, ರಸಾಯನಶಾಸ್ತ್ರದ ಪದವೀಧರರೂ ಸಾಗರವಿಜ್ಞಾನಕ್ಕೆ ಹೋಗಬಲ್ಲರು. ಆ ವಿದ್ಯೆಗೆ ಕಡಲದಂಡೆಯಲ್ಲಿ ಹುಟ್ಟಿರಬೇಕೆಂಬ ನಿಯಮವಿಲ್ಲ. ಆದರೆ ಪದವಿಯ ಹಂತದಲ್ಲಿ ಒಳ್ಳೆಯ ಉಪಕರಣವನ್ನು ಮುಟ್ಟದವನು ಹಡಗಿನ ಪಾಳಿಗೆ ಅರ್ಜಿ ಬರೆಯುವುದನ್ನು ಎಲ್ಲಿ ಕಲಿಯಬೇಕು? ನಮ್ಮ ಅನುದಾನಗಳ ಪದ್ಧತಿಯಲ್ಲಿ ಅನಾವರ್ತಕ ವೆಚ್ಚಕ್ಕೆ ಹಣ ದೊರೆಯುವುದು ಸುಲಭ, ಆವರ್ತಕ ವೆಚ್ಚಕ್ಕೆ ಕಷ್ಟ. ಯಂತ್ರ ಬರುತ್ತದೆ, ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ನಮೂದಾಗುತ್ತದೆ, ಖಾತರಿಯ ಅವಧಿ ಮುಗಿದು ಕೆಟ್ಟರೆ ಆ ರಜಿಸ್ಟರಿನ ಹೆಸರು ಅದಕ್ಕೆ ಸಾರ್ಥಕವಾಗುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ವಿಜ್ಞಾನ ಸಮ್ಮೇಳನದಲ್ಲಿ ಕೇಂದ್ರ ಸರಕಾರವು 'ಐ-ಸ್ಟೆಮ್' ಎಂಬ ವ್ಯವಸ್ಥೆಯನ್ನು ಉದ್ಘಾಟಿಸಿತು. ಸಾರ್ವಜನಿಕ ಹಣದಿಂದ ಕೊಂಡ ಉಪಕರಣಗಳು ದೇಶದ ಯಾವ ಸಂಸ್ಥೆಯಲ್ಲಿವೆ ಎಂಬುದನ್ನು ಪಟ್ಟಿಮಾಡಿ, ಹೊರಗಿನವರೂ ಪಾಳಿ ಕಾದಿರಿಸಿ ಶುಲ್ಕ ತೆತ್ತು ಬಳಸುವಂತೆ ಮಾಡುವುದು ಅದರ ಉದ್ದೇಶ. ಅಧ್ಯಾಪಕರು ಇದನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದು ಒಳ್ಳೆಯದು.

ಕಳೆದ ಕಾಲು ಶತಮಾನದಲ್ಲಿ ಇನ್ನೊಂದು ಮಾರ್ಗವೂ ತೆರೆದಿದೆ. ಸುಮಾರು 2000ದಿಂದ ಆರಂಭವಾದ 'ಆರ್ಗೋ' ಯೋಜನೆಯಲ್ಲಿ ಪ್ರತಿಯೊಂದು ರಾಷ್ಟ್ರವೂ ತನ್ನ ಹಣದಿಂದ ಆಳೆತ್ತರದ ತೇಲುಕೊಳವೆಗಳನ್ನು ಸಮುದ್ರಕ್ಕೆ ಬಿಡುತ್ತದೆ. ಅವು ಹತ್ತು ದಿನಕ್ಕೊಮ್ಮೆ 2000 ಮೀಟರು ಆಳದಿಂದ ಮೇಲೇರುತ್ತ ಉಷ್ಣತೆಯನ್ನೂ ಲವಣತೆಯನ್ನೂ ಅಳೆದು ಉಪಗ್ರಹಕ್ಕೆ ತಿಳಿಸುತ್ತವೆ. ಯಾರು ಬಿಟ್ಟ ಕೊಳವೆಯಾದರೂ ಅಂಕಿಗಳು ಎಲ್ಲರವು, ಬೆಲೆ ಕೊಡಬೇಕಾಗಿಲ್ಲ. ಭಾರತದ ಪಾಲಿನ ಕೆಲಸವನ್ನು ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವಾಕೇಂದ್ರ ನಡೆಸುತ್ತದೆ. ಬೀಳಗಿಯ ವಿದ್ಯಾರ್ಥಿಯೊಬ್ಬನು ಇಂದು ಕಾಲೇಜಿನ ಗಣಕಯಂತ್ರದ ಮುಂದೆ ಕುಳಿತು ಅರಬ್ಬೀ ಸಮುದ್ರದ ನಡುವಿನ ಕಳೆದ ವಾರದ ಉಷ್ಣತೆಯನ್ನು ಪಡೆಯಬಹುದು. 1962ರಲ್ಲಿ ಕಿಸ್ತ್ನಾ ನೌಕೆಯ ಮೇಲಿದ್ದ ವಿಜ್ಞಾನಿಗಳಿಗೂ ಇದು ಸಾಧ್ಯವಿರಲಿಲ್ಲ.

ಇದರಿಂದ ಹಡಗಿನ ಅಗತ್ಯ ತೀರಿತೆಂದು ಭಾವಿಸುವವರುಂಟು. ಅದು ಸರಿಯಲ್ಲ. ತೇಲುಕೊಳವೆಗಳನ್ನು ದೂರದ ಸಮುದ್ರಕ್ಕೆ ಒಯ್ದು ಬಿಡುವುದಕ್ಕೂ ಹಡಗು ಬೇಕು. ವರ್ಷಗಟ್ಟಲೆ ನೀರಿನಲ್ಲಿರುವ ಕೊಳವೆಯ ಲವಣತೆಯ ಅಳತೆ ಕ್ರಮೇಣ ದಾರಿ ತಪ್ಪುತ್ತದೆ. ಅದನ್ನು ತಿದ್ದಲು ಅದೇ ನೆರೆಯಲ್ಲಿ ಯಾವುದಾದರೂ ಹಡಗು ಇಳಿಬಿಟ್ಟ ಸಿ.ಟಿ.ಡಿ. ಯಂತ್ರದ ಅಂಕಿಗಳನ್ನೇ ಆಶ್ರಯಿಸಬೇಕು. ಆ ಯಂತ್ರವನ್ನು ಸರಿನೋಡಲು ಅದರ ಕೊಳವೆಗಳು ತಂದ ನೀರನ್ನು ಹಡಗಿನ ಪ್ರಯೋಗಶಾಲೆಯಲ್ಲಿ ತಂತ್ರಜ್ಞನೊಬ್ಬನು ಪರೀಕ್ಷಿಸುತ್ತಾನೆ. ಪರೀಕ್ಷೆಗೆ ಮುನ್ನ ಅವನು ಪ್ರಮಾಣಜಲದ ಒಂದು ಶೀಸೆಯನ್ನು ತೆರೆಯುತ್ತಾನೆ. ಒಮ್ಮೆ ತೆರೆದ ಶೀಸೆ ಮತ್ತೆ ಉಪಯೋಗಕ್ಕೆ ಬಾರದು. ಮುಂದಿನ ಯಾತ್ರೆಗೆ ಹೊಸದನ್ನು ಕೊಳ್ಳಬೇಕು.